ಕಾವೇರಿಯ ಬಿಳಿಮೀನು: ಗಾಳ, ತೂಕ ಮತ್ತು ಒಂದು ಹೆಸರಿನ ಚರಿತ್ರೆ

ಪುಣೆಯಲ್ಲಿ ಹಲವು ವರ್ಷಗಳಿಂದ ನೆಲೆಸಿರುವ ನನಗೆ ಬಂಡ್ ಗಾರ್ಡನ್ ಬಳಿಯ ಸೇತುವೆಯನ್ನು ದಾಟುವುದು ನಿತ್ಯದ ಕೆಲಸ. ಕೆಳಗೆ ಹರಿಯುವ ಮುಳಾ-ಮುಠಾ ನದಿಯನ್ನು ಈಗ ಯಾರೂ ನಿಂತು ನೋಡುವುದಿಲ್ಲ. ಮೂಗು ಮುಚ್ಚಿಕೊಂಡು ಮುಂದೆ ಸಾಗುತ್ತೇವೆ. ಆದರೆ ಮೀನುಗಳ ಶಾಸ್ತ್ರದಲ್ಲಿ ಈ ನೀರಿಗೆ ಒಂದು ಸ್ಥಾನವಿದೆ. ಮುಂಬಯಿ ಸರ್ಕಾರದ ಅಂಕಿಅಂಶಗಳ ಅಧಿಕಾರಿಯಾಗಿದ್ದ ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ ಎಂಬಾತ ದಖ್ಖನಿನ ಮೀನುಗಳನ್ನು ಕುರಿತು 1839ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಬರಹದಲ್ಲಿ, ಪುಣೆಯ ಪೂರ್ವಕ್ಕೆ ಇದೇ ನದಿಯಲ್ಲಿ ಸಿಕ್ಕ ಒಂದು ದೊಡ್ಡ ಹುರುಪೆಯ ಮೀನನ್ನು ವರ್ಣಿಸಿ ಅದಕ್ಕೆ 'ಖುದ್ರೀ' ಎಂಬ ಹೆಸರನ್ನು ಕೊಟ್ಟ. ಮಹಶೀರ್ ಎಂದು ನಾವು ಇಂದು ಕರೆಯುವ ಕುಲದ ಒಂದು ಪ್ರಭೇದ ಅದು. ಅದೇ ಬರಹದಲ್ಲಿ ಆತ 'ಮುಸಲ್ಲಾ' ಎಂಬ ಇನ್ನೊಂದು ಮೀನನ್ನೂ ಹೆಸರಿಸಿದ.

ಪುಣೆಯ ಸೀಮೆಯಲ್ಲಿ ಹುಟ್ಟಿದ ಈ ಎರಡು ಹೆಸರುಗಳು ಮುಂದೆ ನೂರಾರು ಮೈಲಿ ದಕ್ಷಿಣಕ್ಕೆ ಪಯಣಿಸಿ ನಮ್ಮ ಕಾವೇರಿಯನ್ನು ತಲುಪಿದವು. ಒಂದು ಹೆಸರು ಕಾವೇರಿಯ ಮೀನಿಗೆ ತಪ್ಪಾಗಿ ಅಂಟಿಕೊಂಡಿತು. ಇನ್ನೊಂದು ಹೆಸರಿನ ಮೀನು ತಾನೇ ಬಂದು ಕಾವೇರಿಯಲ್ಲಿ ನೆಲೆಸಿ, ಅಲ್ಲಿದ್ದ ಮೂಲ ಮೀನಿನ ಜಾಗವನ್ನು ತುಂಬಿತು. ಆ ಮೂಲ ಮೀನು ಜಗತ್ತಿನ ಗಾಳಗಾರರ ಪಾಲಿಗೆ ಶತಮಾನಕ್ಕೂ ಹೆಚ್ಚು ಕಾಲ ಒಂದು ಕನಸಾಗಿತ್ತು. ಅದನ್ನು ಹಿಡಿದರು, ತೂಗಿದರು, ಚರ್ಮ ಸುಲಿದು ಗೋಡೆಗೆ ಏರಿಸಿದರು, ಚಿತ್ರ ತೆಗೆದು ಮರಳಿ ನೀರಿಗೆ ಬಿಟ್ಟರು. ಆದರೆ ಅದು ಯಾವ ಮೀನು ಎಂಬ ಸರಳ ಪ್ರಶ್ನೆಗೆ ಉತ್ತರ ದೊರೆತದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. ಈ ವಿಚಿತ್ರ ಹೇಗೆ ಸಂಭವಿಸಿತು ಎಂಬುದನ್ನು ಕ್ರಮವಾಗಿ ನೋಡುವುದು ಈ ಲೇಖನದ ಉದ್ದೇಶ.

ಅರಸನ ವಿನೋದ

ಗಾಳದ ಬೇಟೆ ಇಂಗ್ಲಿಷರು ನಮಗೆ ಕಲಿಸಿದ ಹವ್ಯಾಸವೆಂಬ ನಂಬಿಕೆ ನಮ್ಮಲ್ಲಿ ಸಾಕಷ್ಟು ಬಲವಾಗಿದೆ. ಅದು ನಿಜವಲ್ಲ. ಕಲ್ಯಾಣದ ಚಾಲುಕ್ಯ ದೊರೆ, ಭೂಲೋಕಮಲ್ಲನೆಂಬ ಬಿರುದಿನ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜನ ವಿನೋದಗಳ ನಡುವೆ 'ಮತ್ಸ್ಯವಿನೋದ'ಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಮೀನುಗಳನ್ನು ಹುರುಪೆಯುಳ್ಳವು, ಹುರುಪೆಯಿಲ್ಲದವು, ದೊಡ್ಡವು, ಸಣ್ಣವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಆಹಾರ ಇಷ್ಟವೆಂದು ಹೇಳಿ, ದಾರವನ್ನು ಯಾವ ನಾರಿನಿಂದ ಹೊಸೆಯಬೇಕು, ಕೋಲು ಮತ್ತು ಗಾಳ ಹೇಗಿರಬೇಕು, ಮೊದಲೇ ಆಹಾರ ಚೆಲ್ಲಿ ಮೀನನ್ನು ಒಂದು ಜಾಗಕ್ಕೆ ಹೇಗೆ ರೂಢಿಮಾಡಬೇಕು ಎಂಬುದನ್ನೆಲ್ಲ ಆ ಅಧ್ಯಾಯ ವಿವರಿಸುತ್ತದೆ. ಭಾರತದ ಮೀನುಶಾಸ್ತ್ರದ ಹಿರಿಯರಾದ ಸುಂದರ್‌ಲಾಲ್ ಹೋರಾ 1951ರಲ್ಲಿ ಈ ಅಧ್ಯಾಯವನ್ನು ವಿದ್ವಾಂಸರ ಗಮನಕ್ಕೆ ತಂದರು.

ಈ ಅಧ್ಯಾಯದಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಅರಸನಿಗೆ ಮೀನಿನ ತೂಕಕ್ಕಿಂತ ಮೀನಿನ ಸ್ವಭಾವದ ಅರಿವು ಮುಖ್ಯ. ಅದು ಏನು ತಿನ್ನುತ್ತದೆ, ಎಲ್ಲಿ ನಿಲ್ಲುತ್ತದೆ, ಗಾಳವನ್ನು ಹೇಗೆ ಎಳೆಯುತ್ತದೆ ಎಂಬುದು ಅಲ್ಲಿನ ವಿಷಯ. ಈ ಅರಿವು ಅರಮನೆಯಲ್ಲಿ ಹುಟ್ಟಿದ್ದಲ್ಲ. ನದೀತೀರದ ಬೆಸ್ತರಿಂದಲೇ ಬಂದಿರಬೇಕು. ಗ್ರಂಥದಲ್ಲಿ ಅವರ ಹೆಸರಿಲ್ಲ. ಮುಂದಿನ ಎಂಟು ಶತಮಾನಗಳ ಗಾಳದ ಸಾಹಿತ್ಯದಲ್ಲಿಯೂ ಅವರ ಸ್ಥಿತಿ ಬಹುಮಟ್ಟಿಗೆ ಹೀಗೆಯೇ ಉಳಿಯಿತು.

ಇದೇ ನೆಲದಲ್ಲಿ ಮೀನಿನೊಂದಿಗೆ ಇನ್ನೊಂದು ಬಗೆಯ ಸಂಬಂಧವೂ ಬೆಳೆದಿತ್ತು. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲಿ, ಕಾವೇರಿತೀರದ ರಾಮನಾಥಪುರದಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಮಡುವಿನ ಮೀನುಗಳು ದೇವರ ಮೀನುಗಳು. ಭಕ್ತರು ಅವಕ್ಕೆ ಅಕ್ಕಿ, ಪುರಿ ಹಾಕುತ್ತಾರೆ, ಗಾಳ ಹಾಕುವುದಿಲ್ಲ. ನದಿಯ ಉಳಿದ ಭಾಗದಲ್ಲಿ ಬಲೆ ಬೀಸುವವನೂ ಆ ಮಡುವಿನ ಬಳಿ ಕೈ ತಡೆಯುತ್ತಾನೆ. ಕಾನೂನಿನ ಮಾತು ಹುಟ್ಟುವ ಮೊದಲೇ ಇದ್ದ ರಕ್ಷಣೆ ಇದು. ಆದರೆ ಅದು ಎಷ್ಟು ನಾಜೂಕಿನದು ಎಂಬುದಕ್ಕೆ ಶಿಶಿಲವೇ ಸಾಕ್ಷಿ: 1996ರಲ್ಲಿ ಯಾರೋ ಅಲ್ಲಿನ ನೀರಿಗೆ ವಿಷ ಬೆರೆಸಿದಾಗ ಸಾವಿರಾರು ಮೀನುಗಳು ಸತ್ತವು. ಊರವರು ಅವುಗಳಿಗೆ ಸ್ಮಾರಕ ಕಟ್ಟಿದರು. ಮೀನುಗಳಿಗೆ ಸ್ಮಾರಕ ಕಟ್ಟಿದ ಊರುಗಳು ಜಗತ್ತಿನಲ್ಲಿ ಬಹಳ ಇರಲಾರವು.

ಮಂಗಳೂರಿನಲ್ಲಿ ಅಚ್ಚಾದ ಪುಸ್ತಕ

ಬ್ರಿಟಿಷ್ ಕಾಲದ ಗಾಳಗಾರರಿಗೆ ವೇದಪ್ರಾಯವಾಗಿದ್ದ ಪುಸ್ತಕ 'ದಿ ರಾಡ್ ಇನ್ ಇಂಡಿಯಾ'. ಅದರ ಕರ್ತೃ ಹೆನ್ರಿ ಸಲ್ಲಿವನ್ ಥಾಮಸ್, ಮದರಾಸು ಸಿವಿಲ್ ಸೇವೆಗೆ ಸೇರಿದವನು, ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದವನು. 1873ರಲ್ಲಿ ಈ ಪುಸ್ತಕದ ಮೊದಲ ಮುದ್ರಣ ಹೊರಬಂದದ್ದು ಲಂಡನ್ನಿನಿಂದಲ್ಲ, ಮಂಗಳೂರಿನಿಂದ. ಎರಡು ದಶಕಗಳ ಬಳಿಕ ಕಿಟೆಲ್ಲರ ನಿಘಂಟು ಹೊರಬಂದ ಊರಿನಿಂದಲೇ, ದಖ್ಖನಿನ ನದಿಗಳಲ್ಲಿ ಮಹಶೀರ್ ಹಿಡಿಯುವ ಕಲೆಯ ಪುಸ್ತಕವೂ ಜಗತ್ತಿಗೆ ಹೋಯಿತು.

ಥಾಮಸ್ ಬರಿಯ ಮೋಜುಗಾರನಾಗಿರಲಿಲ್ಲ. ಅದಕ್ಕೆ ಮೂರು ವರ್ಷ ಮೊದಲು, 1870ರಲ್ಲಿ, ದಕ್ಷಿಣ ಕನ್ನಡದ ಮೀನುಕೃಷಿಯನ್ನು ಕುರಿತು ಸರ್ಕಾರಕ್ಕೆ ವರದಿಯನ್ನು ಸಿದ್ಧಪಡಿಸಿದ್ದ. ಸಣ್ಣ ಕಣ್ಣಿನ ಬಲೆಗಳಿಂದಲೂ ವಿಷದಿಂದಲೂ ಮೀನುಮರಿಗಳ ನಾಶ ಹೇಗೆ ನಡೆಯುತ್ತಿದೆ ಎಂಬುದು ಅವನ ಕಳವಳವಾಗಿತ್ತು. ಅದೇ ಕಾಲದಲ್ಲಿ ಫ್ರಾನ್ಸಿಸ್ ಡೇ ಭಾರತದ ಮೀನುಗಳ ಬೃಹತ್ ಸಮೀಕ್ಷೆಯನ್ನು ಕೈಗೊಂಡಿದ್ದ. ಇಂಥ ಎಚ್ಚರಿಕೆಗಳ ಹಿನ್ನೆಲೆಯಲ್ಲಿ ಕೊನೆಗೂ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂದಿತು. ನೀರಿನಲ್ಲಿ ಸಿಡಿಮದ್ದು ಸಿಡಿಸುವುದೂ ವಿಷ ಹಾಕುವುದೂ ಅಪರಾಧವೆನಿಸಿದವು. ನೂರಿಪ್ಪತ್ತೈದು ವರ್ಷಗಳಿಗೂ ಹಿಂದಿನ ಆ ಎರಡು ಅಪರಾಧಗಳೇ ಇಂದಿಗೂ ನಮ್ಮ ನದಿಗಳ ಮೀನಿನ ಮುಖ್ಯ ಶತ್ರುಗಳಾಗಿ ಉಳಿದಿವೆ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಮಹಶೀರನ್ನು ಗಾಳಗಾರರು ಇಷ್ಟು ಬಯಸಲು ಕಾರಣವಿದೆ. ಅದು ರಭಸದ ನೀರಿನ ಮೀನು. ಬಂಡೆಗಳ ನಡುವಿನ ಸೆಳೆತದಲ್ಲಿ ಈಜಿ ಬೆಳೆದ ಅದರ ಮೈಯ ಶಕ್ತಿ ಅಸಾಧಾರಣ. ಗಾಳ ತಾಗಿದೊಡನೆ ಅದು ಒಂದೇ ಓಟದಲ್ಲಿ ನೂರಾರು ಅಡಿ ದಾರವನ್ನು ಎಳೆದೊಯ್ಯುತ್ತದೆ. ಬಾಯೊಳಗೆ ಹಲ್ಲಿಲ್ಲ, ಆದರೆ ಗಂಟಲಿನಲ್ಲಿ ಬಲವಾದ ಹಲ್ಲುಗಳಿವೆ. ಏಡಿಯನ್ನೂ ಚಿಪ್ಪುಮೀನನ್ನೂ ಅಲ್ಲಿ ನುರಿಸಿ ನುಂಗುತ್ತದೆ. ಕಾಡಿನ ಹಣ್ಣು, ಬೀಜ, ಸಣ್ಣ ಮೀನು ಎಲ್ಲವೂ ಅದಕ್ಕೆ ಆಹಾರ. ಕಾವೇರಿಯಲ್ಲಿ ಅದನ್ನು ಸೆಳೆಯುತ್ತಿದ್ದುದು ನಮಗೆಲ್ಲ ಪರಿಚಿತವಾದ ವಸ್ತು: ರಾಗಿ. ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಮಸಾಲೆಯ ವಾಸನೆ ಸೇರಿಸಿ ನಾದಿ, ಉಂಡೆ ಕಟ್ಟಿ ಗಾಳಕ್ಕೆ ಸಿಕ್ಕಿಸುತ್ತಿದ್ದರು. ವಿದೇಶೀ ಗಾಳಗಾರರು ಬರೆದ ನೆನಪುಗಳಲ್ಲಿ 'ರಾಗಿ' ಎಂಬ ಪದ ಅನುವಾದವಿಲ್ಲದೆ ಹಾಗೆಯೇ ಬರುತ್ತದೆ. ಮಂಡ್ಯ, ಕನಕಪುರ ಸೀಮೆಯ ಮುದ್ದೆ ಹೀಗೆ ಮೀನುಬೇಟೆಯ ಅಂತಾರಾಷ್ಟ್ರೀಯ ಸಾಹಿತ್ಯದಲ್ಲಿ ಸ್ಥಾನ ಪಡೆಯಿತು.

ಪೌಂಡುಗಳ ಕಾಲ

ಮಹಶೀರ್ ಹಿಮಾಲಯದ ತಪ್ಪಲಿನಿಂದ ಸಹ್ಯಾದ್ರಿಯವರೆಗೆ ಹಲವು ನದಿಗಳಲ್ಲಿ ಇದೆ. ಆದರೆ ತೂಕದ ದಾಖಲೆಗಳೆಲ್ಲ ಕಾವೇರಿ ಮತ್ತು ಅದರ ಉಪನದಿ ಕಬಿನಿಯಿಂದಲೇ ಬಂದವು. 1919ರಲ್ಲಿ ರಿವೆಟ್ ಕಾರ್ನ್ಯಾಕ್ ಎಂಬ ಸೇನಾಧಿಕಾರಿ ಕಾವೇರಿಯಲ್ಲಿ 119 ಪೌಂಡಿನ ಮೀನನ್ನು ಹಿಡಿದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ, ಎಂದರೆ ಸುಮಾರು 54 ಕಿಲೋಗ್ರಾಮಿನ ಮೀನನ್ನು ಹಿಡಿದು ಆ ದಾಖಲೆಯನ್ನು ಒಂದು ಪೌಂಡಿನಿಂದ ಮುರಿದ. ರಾಜಮಹಾರಾಜರು ಕೊಂದ ಹುಲಿ, ಚಿರತೆಗಳ ಚರ್ಮಕ್ಕೆ ಜೀವಕಳೆ ತುಂಬಿ ನಿಲ್ಲಿಸುವ ಕಲೆಯಲ್ಲಿ ಜಗತ್ಪ್ರಸಿದ್ಧವಾಗಿದ್ದ ಮನೆತನ ಅದು.

ಈ ಮೀನಿಗೆ ಒಂದು ಲಕ್ಷಣವಿತ್ತು. ನೋಡಿದವರೆಲ್ಲ ಅದನ್ನು ಗುರುತಿಸಿದ್ದರು. ತಲೆಯ ಹಿಂದೆ, ಬೆನ್ನು ಶುರುವಾಗುವಲ್ಲಿ, ಎದ್ದು ಕಾಣುವ ಒಂದು ಡುಬ್ಬ. ಹೀಗಾಗಿ ಇಂಗ್ಲಿಷಿನಲ್ಲಿ ಅದು ಡುಬ್ಬದ ಮಹಶೀರ್ ಎನಿಸಿತು. ಕಾವೇರಿ ತೀರದವರಿಗೆ ಮಹಶೀರ್ ಎಂದರೆ ಬಿಳಿಮೀನು. ಶಾಸ್ತ್ರಜ್ಞರು ಮಾತ್ರ ಅದಕ್ಕೆ ಸ್ವಂತದ ಹೆಸರನ್ನು ಕೊಡುವ ಶ್ರಮ ತೆಗೆದುಕೊಳ್ಳಲಿಲ್ಲ. ಸೈಕ್ಸ್ ಪುಣೆಯಲ್ಲಿ ವರ್ಣಿಸಿದ್ದ 'ಮುಸಲ್ಲಾ' ಎಂಬ ಹೆಸರು ಕೈಗೆ ಸಿಕ್ಕಿತು. ಅದನ್ನೇ ಇದಕ್ಕೂ ಹಚ್ಚಿದರು. ಸೈಕ್ಸನ ಮುಸಲ್ಲಾ ಮಹಶೀರ್ ಕುಲಕ್ಕೇ ಸೇರಿದ್ದಲ್ಲವೆಂಬುದು ಬಹಳ ತಡವಾಗಿ ಸ್ಪಷ್ಟವಾಯಿತು. ನೂರು ಪೌಂಡು ಮೀರಿದ ಒಂದು ಪ್ರಾಣಿಯ ತೂಕವನ್ನು ಪೌಂಡಿನ ಲೆಕ್ಕದಲ್ಲಿ ಬರೆದಿಟ್ಟ ಕಾಲ, ಅದರ ಗುರುತನ್ನು ಮಾತ್ರ ಎರವಲು ಹೆಸರಿನಿಂದ ಸರಿದೂಗಿಸಿತು. ತೂಗುವ ತಕ್ಕಡಿಯ ಮೇಲಿದ್ದ ಶ್ರದ್ಧೆ ಆ ಜೀವದ ಮೇಲಿರಲಿಲ್ಲ.

ನೀರು ನಿಂತಾಗ

ಇದೇ ಅವಧಿಯಲ್ಲಿ ನದಿಯೂ ಬದಲಾಗುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆ ಎರಡು ದಶಕಗಳಲ್ಲಿ ಪೂರ್ಣಗೊಂಡಿತು. 1934ರಲ್ಲಿ ಕೆಳಗೆ ಮೆಟ್ಟೂರಿನ ಸ್ಟ್ಯಾನ್ಲಿ ಜಲಾಶಯ ತುಂಬಿತು. 1974ರಲ್ಲಿ ಕಬಿನಿಗೆ ಕಟ್ಟೆ ಬಿತ್ತು. ದಾಖಲೆಯ ಮೀನನ್ನು ಕೊಟ್ಟ ನದಿಯೂ ಜಲಾಶಯವಾಯಿತು. ಹೇಮಾವತಿ, ಹಾರಂಗಿಗಳೂ ಇದೇ ದಾರಿ ಹಿಡಿದವು.

ಈ ಕಟ್ಟೆಗಳು ಮಂಡ್ಯದ ಬಯಲಿಗೆ ಕಬ್ಬನ್ನೂ ಭತ್ತವನ್ನೂ, ಬೆಂಗಳೂರಿಗೆ ಕುಡಿಯುವ ನೀರನ್ನೂ ಕೊಟ್ಟವು. ಅದನ್ನು ಮರೆತು ನದಿಯ ಹಾಡು ಹಾಡುವುದು ಕೃತಘ್ನತೆಯಾದೀತು. ಆದರೆ ಮಹಶೀರಿನ ದೃಷ್ಟಿಯಿಂದ ಕಟ್ಟೆಯೆಂದರೆ ಮುಚ್ಚಿದ ಬಾಗಿಲು. ಮಳೆಗಾಲದ ಹೊಸನೀರಿನಲ್ಲಿ ಮೇಲೇರಿ, ಆಮ್ಲಜನಕ ತುಂಬಿದ ಹರಿವಿನ ನಡುವೆ ಜಲ್ಲಿಕಲ್ಲುಗಳ ಮೇಲೆ ಮೊಟ್ಟೆಯಿಡುವ ಮೀನು ಅದು. ನಿಂತ ನೀರಿನಲ್ಲಿ ಬದುಕಬಲ್ಲದು. ಸಂತಾನ ಬೆಳೆಸುವುದು ಕಷ್ಟ. ಹರಿಯುವ ನೀರು, ಆಳವಾದ ಮಡು, ಕಾಡಿನ ನೆರಳು ಈ ಮೂರೂ ಒಟ್ಟಿಗೆ ಉಳಿದದ್ದು ಮುಖ್ಯವಾಗಿ ಶಿವನಸಮುದ್ರಕ್ಕೂ ಮೆಟ್ಟೂರಿನ ಹಿನ್ನೀರಿಗೂ ನಡುವಿನ ಕಣಿವೆಯಲ್ಲಿ: ಭೀಮೇಶ್ವರಿ, ಮುತ್ತತ್ತಿ, ಗಾಲಿಬೋರೆ, ಸಂಗಮ, ಮೇಕೆದಾಟು, ಹೊಗೇನಕಲ್.

ಸ್ವಾತಂತ್ರ್ಯಾನಂತರ ಗಾಳಗಾರ ಸಾಹೇಬರು ಹೊರಟುಹೋದರು. ಅವರೊಂದಿಗೆ ದಾಖಲೆಗಳೂ ನಿಂತವು. ಸಿಡಿಮದ್ದು ಮಾತ್ರ ಸುಲಭವಾಗಿ ಸಿಗುತ್ತಿತ್ತು. ಒಂದು ತೋಟೆಯನ್ನು ಮಡುವಿಗೆ ಎಸೆದರೆ ದೊಡ್ಡದು, ಮರಿ ಎಂಬ ಭೇದವಿಲ್ಲದೆ ಎಲ್ಲ ಮೀನೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕಾವೇರಿಯ ಮಹಾಮೀನು ಅಳಿದಿರಬಹುದೆಂಬ ಮಾತು ಇಂಗ್ಲೆಂಡಿನ ಗಾಳಗಾರರ ನಡುವೆ ಹರಡಿತು.

ಮರಳಿ ಬಂದ ಗಾಳ

1977-78ರಲ್ಲಿ ಮೂವರು ಬ್ರಿಟಿಷ್ ಯುವಕರು ಆ ಮಾತನ್ನು ಪರೀಕ್ಷಿಸಲೆಂದೇ ಭಾರತಕ್ಕೆ ಬಂದರು. ಅವರು ಕಾವೇರಿಯಲ್ಲಿ ತೊಂಬತ್ತು ಪೌಂಡು ಮೀರಿದ ಮೀನನ್ನೇ ಹಿಡಿದು ತೋರಿಸಿದಾಗ ನದಿಗೆ ಎರಡನೆಯ ಕೀರ್ತಿ ಆರಂಭವಾಯಿತು. ಮುಂದೆ ಟೆಲಿವಿಷನ್ನಿನಿಂದ ಜಗತ್ತಿಗೆಲ್ಲ ಪರಿಚಿತನಾದ ಜೆರೆಮಿ ವೇಡ್ ಕೂಡ 1980ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದವನೇ. ಪಾಲ್ ಬೂಟ್ ಜೊತೆಗೆ 1992ರಲ್ಲಿ ಆತ ಪ್ರಕಟಿಸಿದ ಪುಸ್ತಕದಲ್ಲಿ ಕಾವೇರಿಗೆ ದೊಡ್ಡ ಪಾಲಿದೆ. ದಕ್ಷಿಣ ಭಾರತದ ವನ್ಯಜೀವಿ ಸಂಘ ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲಿಟ್ಟಿತು. ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳನ್ನು ನಡೆಸಿತು.

ನಿಯಮ ಬದಲಾಗಿತ್ತು. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಜೀವಂತವಾಗಿ ನದಿಗೆ ಬಿಡಬೇಕು. ಗೋಡೆಗೆ ಏರುತ್ತಿದ್ದುದು ಈಗ ಮೀನಿನ ಚರ್ಮವಲ್ಲ, ಛಾಯಾಚಿತ್ರ. ಇದಕ್ಕಿಂತ ಮುಖ್ಯವಾದ ಬದಲಾವಣೆ ದಡದಲ್ಲಿ ನಡೆಯಿತು. ಬಲೆ, ತೋಟೆಗಳಿಂದ ಮೀನು ಹಿಡಿಯುತ್ತಿದ್ದ ಹಳ್ಳಿಗರಲ್ಲಿ ಹಲವರು ಶಿಬಿರಗಳಲ್ಲಿ ಮಾರ್ಗದರ್ಶಕರೂ ಕಾವಲುಗಾರರೂ ಆದರು. ಯಾವ ತಿಂಗಳಲ್ಲಿ ಮೀನು ಯಾವ ಮಡುವಿನಲ್ಲಿ ನಿಲ್ಲುತ್ತದೆ, ಯಾವ ಬಂಡೆಯ ಸಂದಿನಲ್ಲಿ ದಾರ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಗೊತ್ತಿದ್ದವರು ಅವರೇ. ರಾಗಿಯ ಉಂಡೆ ಕಟ್ಟಿದವರು ಅವರು, ಹರಿಗೋಲನ್ನು ಸೆಳೆತದಲ್ಲಿ ನಿಲ್ಲಿಸಿದವರು ಅವರು, ಬಂಡೆಗೆ ಸಿಕ್ಕಿದ ದಾರವನ್ನು ಬಿಡಿಸಲು ನೀರಿಗೆ ಧುಮುಕಿದವರೂ ಅವರೇ. ಚಿತ್ರದ ಅಡಿಯಲ್ಲಿ ಮಾತ್ರ ಕೋಲು ಹಿಡಿದವನ ಹೆಸರು. ಆದರೂ ಜೀವಂತ ಮೀನಿನಿಂದ ವರ್ಷವಿಡೀ ಕೂಲಿ ಬರುತ್ತದೆ ಎಂಬ ಲೆಕ್ಕ ಹಳ್ಳಿಗಳಲ್ಲಿ ನೆಲೆಯೂರಿತು. ನದಿಯ ಆ ಕೆಲವು ಮೈಲಿಗಳಲ್ಲಿ ತೋಟೆಯ ಸದ್ದು ತಗ್ಗಿತು.

ಪುಣೆಯ ಮೀನು ಕಾವೇರಿಗೆ

ಈಗ ಸೈಕ್ಸನ ಇನ್ನೊಂದು ಮೀನಿನ ಕಡೆಗೆ ಬರೋಣ. ಮುಂಬಯಿಗೆ ವಿದ್ಯುತ್ತು ಕೊಡಲು ಟಾಟಾ ಸಂಸ್ಥೆ ಲೋಣಾವಳದ ಸುತ್ತ ಕಟ್ಟಿದ ಕೆರೆಗಳನ್ನು ಮುಂಬಯಿ-ಪುಣೆಯ ನಡುವೆ ಓಡಾಡುವ ನಮ್ಮಲ್ಲಿ ಬಹುತೇಕರು ಕಂಡಿದ್ದೇವೆ. ಅಲ್ಲಿನ ವಾಳ್ವಣ ಕೆರೆಯ ಬಳಿ 1970ರ ದಶಕದಿಂದ ಒಂದು ಮಹತ್ವದ ಪ್ರಯೋಗ ನಡೆಯಿತು. ಸಿ. ವಿ. ಕುಲಕರ್ಣಿಯವರ ನೇತೃತ್ವದಲ್ಲಿ ಖುದ್ರೀ ಮಹಶೀರಿನ ಮೊಟ್ಟೆ ಹಿಂಡಿ, ಕೃತಕವಾಗಿ ಫಲಿತಗೊಳಿಸಿ, ಮರಿ ಬೆಳೆಸುವ ವಿಧಾನ ರೂಪುಗೊಂಡಿತು. ಅಳಿಯುತ್ತಿದ್ದ ಮೀನಿಗೆ ಇದು ವರವೆಂದು ಎಲ್ಲರೂ ಭಾವಿಸಿದರು. ಭಾವಿಸಲು ಕಾರಣವೂ ಇತ್ತು. ಲೋಣಾವಳದ ಮರಿಗಳು ದೇಶದ ಅನೇಕ ರಾಜ್ಯಗಳ ಜಲಾಶಯ, ನದಿಗಳಿಗೆ ಹೋದವು. ಕರ್ನಾಟಕಕ್ಕೂ ಬಂದವು, ಕಾವೇರಿಯನ್ನೂ ಸೇರಿದವು.

ಕಟ್ಟೆಯಿಂದ ಆದ ನಷ್ಟವನ್ನು ಮರಿಕೇಂದ್ರದಿಂದ ತುಂಬಿಕೊಳ್ಳಬಹುದೆಂಬ ಈ ನಂಬಿಕೆ ನಮ್ಮದು ಮಾತ್ರವಲ್ಲ. ಅಮೆರಿಕದ ಟೆನೆಸಿಯ ಮೆಲ್ಟನ್ ಹಿಲ್, ಕೆಂಟಕಿಯ ಕೇವ್ ರನ್ ಮುಂತಾದ ಜಲಾಶಯಗಳಲ್ಲಿ 'ಮಸ್ಕಿ' ಎಂಬ ಬೃಹತ್ ಬೇಟೆಮೀನನ್ನು ಬಿತ್ತಿ ಬೆಳೆಸುವುದೂ ಇದೇ ವಿಚಾರದ ಫಲ. ವ್ಯತ್ಯಾಸವೆಂದರೆ, ಕಾವೇರಿಯಲ್ಲಿ ಬಿತ್ತಿದ ಮೀನು ಅಲ್ಲಿ ಕಡಿಮೆಯಾಗಿದ್ದ ಮೀನಲ್ಲ. ಎರಡೂ ಮಹಶೀರ್; ಎರಡಕ್ಕೂ ದೊಡ್ಡ ಹುರುಪೆ. ಸರ್ಕಾರದ ಕಡತದಲ್ಲಿ 'ಮಹಶೀರ್ ಮರಿ ಬಿಡಲಾಯಿತು' ಎಂಬ ಒಂದು ಸಾಲು ಎರಡಕ್ಕೂ ಹೊಂದುತ್ತಿತ್ತು. ಡುಬ್ಬದ ಮಹಶೀರಿಗೆ ತನ್ನದೇ ಹೆಸರಿರಲಿಲ್ಲವಾದ್ದರಿಂದ, ಬೇರೊಂದನ್ನು ಅದರ ಜಾಗದಲ್ಲಿ ಬಿಡುತ್ತಿದ್ದೇವೆಂಬುದು ಯಾರ ಮನಸ್ಸಿಗೂ ಹೊಳೆಯಲಿಲ್ಲ.

ಹೊಳೆದದ್ದು ಗಾಳಗಾರರ ಲೆಕ್ಕದ ಪುಸ್ತಕಗಳಿಂದ. ಗಾಲಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದ ಪ್ರತಿ ಮೀನಿನ ತೂಕವನ್ನೂ, ಹಿಡಿಯಲು ಹಿಡಿದ ಕಾಲವನ್ನೂ ಬರೆದಿಟ್ಟಿದ್ದರು. ಆರು ಸಾವಿರಕ್ಕೂ ಹೆಚ್ಚು ಮೀನುಗಳ ಆ ದಾಖಲೆಯನ್ನು ಬ್ರಿಟನ್ನಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮೊದಲಾದ ಸಂಶೋಧಕರು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು ಸಂಖ್ಯೆಯನ್ನು ನೋಡಿದರೆ ಸಂತೋಷಪಡಬೇಕಿತ್ತು: ಗಾಳಕ್ಕೆ ಸಿಗುವ ಮಹಶೀರ್ ಹೆಚ್ಚುತ್ತಲೇ ಹೋಗಿತ್ತು. ಆದರೆ ಹೆಚ್ಚಿದ್ದು ನೀಲಿ ಈಜುರೆಕ್ಕೆಯ ಖುದ್ರೀ. ಡುಬ್ಬದ ಮಹಶೀರಿನ ಸಾಲು ವರ್ಷದಿಂದ ವರ್ಷಕ್ಕೆ ತೆಳುವಾಗಿತ್ತು. ಅದರ ಮರಿಗಳಂತೂ ಕಾಣಸಿಗದಾಗಿದ್ದವು. ಯೌವನದ ಪೀಳಿಗೆಯೇ ಇಲ್ಲದ ಊರಿನಂತೆ, ಉಳಿದವೆಲ್ಲ ಮುದಿ ಮೀನುಗಳು.

ಕೊನೆಗೊಂದು ಹೆಸರು

ಸಂರಕ್ಷಣೆಯ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಬೇಕಾದರೆ ಜೀವಿಗೆ ಶಾಸ್ತ್ರೀಯ ಹೆಸರಿರಬೇಕು. ಹೆಸರಿಲ್ಲದ್ದನ್ನು ಅಪಾಯದಲ್ಲಿದೆ ಎಂದು ಘೋಷಿಸಲು ಸಾಧ್ಯವಿಲ್ಲ. ಸಂಶೋಧಕರು ಹೆಸರನ್ನು ಹುಡುಕಿ ಹೊರಟಾಗ ಉತ್ತರ ದೊರೆತದ್ದು ಕೇರಳದ ಪಾಂಬಾರ್ ಎಂಬ ಸಣ್ಣ ಹೊಳೆಯಲ್ಲಿ. ಪೂರ್ವಕ್ಕೆ ಹರಿದು ಅಮರಾವತಿಯ ಮೂಲಕ ಕಾವೇರಿಯನ್ನು ಸೇರುವ ಹೊಳೆ ಅದು. ಅಲ್ಲಿ ಸಿಕ್ಕ ಚಿಕ್ಕ ಮೀನುಗಳ ಆಧಾರದ ಮೇಲೆ ಇಬ್ಬರು ವಿಜ್ಞಾನಿಗಳು ಅದಾಗಲೇ ಹೊಸ ಪ್ರಭೇದವೊಂದನ್ನು ವರ್ಣಿಸಿ, ಚೆನ್ನೈಯ ಪ್ರಾಣಿಸರ್ವೇಕ್ಷಣ ಸಂಸ್ಥೆಯ ಮೀನುತಜ್ಞೆ ರೇಮಾದೇವಿಯವರ ಗೌರವಾರ್ಥ 'ಟಾರ್ ರೇಮಾದೇವಿ' ಎಂದು ಹೆಸರಿಟ್ಟಿದ್ದರು. ಆ ಪುಟ್ಟ ಮೀನೇ ಕಾವೇರಿಯ ಮಹಾಮೀನಿನ ಎಳೆಯ ರೂಪವೆಂದು ಆಗ ಯಾರಿಗೂ ತಿಳಿದಿರಲಿಲ್ಲ. ದೇಹರಚನೆಯನ್ನೂ ವಂಶವಾಹಿಗಳನ್ನೂ ಹೋಲಿಸಿ, ಗಾಳಗಾರರ ಹಳೆಯ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು 2018ರಲ್ಲಿ ಅದನ್ನು ಸ್ಥಾಪಿಸಿದರು. ಅದೇ ವರ್ಷ ಆ ಮೀನು 'ತೀವ್ರ ಅಪಾಯದಲ್ಲಿರುವ' ಜೀವಿಗಳ ಪಟ್ಟಿಗೆ ಸೇರಿತು. ಅಳಿವಿಗೂ ಅದಕ್ಕೂ ನಡುವೆ ಉಳಿದಿರುವುದು, ಕಾಡಿನಲ್ಲಿ ಅಳಿದದ್ದು ಎಂಬ ಒಂದೇ ಮೆಟ್ಟಿಲು. ಖುದ್ರೀ ಮಾತ್ರ ಅಪಾಯದ ಪಟ್ಟಿಯಿಂದ ಹೊರಬಂದಿದೆ.

ಇಲ್ಲಿ ನಾವು ಗಾಳಗಾರನ ಬಗೆಗಿನ ತೀರ್ಪನ್ನು ಸ್ವಲ್ಪ ತಡೆದು ನೋಡಬೇಕಾಗುತ್ತದೆ. ಅವನ ಹೆಮ್ಮೆಯ ಚಿತ್ರಗಳೂ ಲೆಕ್ಕದ ಪುಸ್ತಕಗಳೂ ಇಲ್ಲದಿದ್ದರೆ ಈ ಮೀನು ಇತ್ತೆಂಬುದಕ್ಕೂ, ಎಷ್ಟಿತ್ತೆಂಬುದಕ್ಕೂ, ಯಾವಾಗ ಕುಗ್ಗಿತೆಂಬುದಕ್ಕೂ ನಮ್ಮ ಬಳಿ ಹೇಳಿಕೊಳ್ಳುವಂಥ ಸಾಕ್ಷ್ಯವಿರುತ್ತಿರಲಿಲ್ಲ. ಆದರೆ ಆ ಪುಸ್ತಕಗಳು 2012ರಲ್ಲಿ ನಿಲ್ಲುತ್ತವೆ. ಶಿಬಿರಗಳಿದ್ದ ಜಾಗ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮದೊಳಗಿತ್ತು. ವನ್ಯಧಾಮದಲ್ಲಿ ಗಾಳ ಹಾಕುವುದು, ಮೀನನ್ನು ಮರಳಿ ಬಿಟ್ಟರೂ, 1972ರ ವನ್ಯಜೀವಿ ಕಾಯ್ದೆಗೆ ಒಪ್ಪುವುದಿಲ್ಲವೆಂಬ ನಿಲುವಿನಿಂದ ಗಾಳದ ಬೇಟೆ ನಿಂತಿತು.

ಈ ನಿಲುವಿಗೆ ತರ್ಕವಿದೆ. ಜಿಂಕೆಯನ್ನು ಹಿಡಿದು ಬಿಡುವುದನ್ನು ಒಪ್ಪದವರು ಮೀನನ್ನು ಹಿಡಿದು ಬಿಡುವುದನ್ನು ಏಕೆ ಒಪ್ಪಬೇಕು? ಬಾಯಿಗೆ ಗಾಳ ಚುಚ್ಚಿಸಿಕೊಂಡು ಅರ್ಧ ತಾಸು ಹೋರಾಡುವ ಜೀವಕ್ಕೆ ಅದು ಕ್ರೀಡೆಯಲ್ಲ. ಪ್ರತಿಪಕ್ಷದ ಮಾತಿನಲ್ಲಿಯೂ ಹುರುಳಿದೆ: ಗಾಳಗಾರ ಹೊರಟಾಗ ಅವನೊಂದಿಗೆ ಕಾವಲುಗಾರನ ಸಂಬಳವೂ, ನದಿಯನ್ನು ದಿನವೂ ನೋಡುವ ಕಣ್ಣೂ ಹೊರಟಿತು. ತೋಟೆ ಎಸೆಯುವವನು ವನ್ಯಧಾಮದ ಫಲಕವನ್ನು ಓದುವುದಿಲ್ಲ. ನನ್ನ ಮಟ್ಟಿಗೆ ಈ ವಾದದಲ್ಲಿ ಎರಡು ಕಡೆಯವರೂ ಮರೆತದ್ದು ಹರಿಗೋಲಿನವನನ್ನು. ನಿಯಮ ಮಾಡುವಾಗಲೂ ಮುರಿಯುವಾಗಲೂ ಅವನನ್ನು ಕೇಳಲಿಲ್ಲ. ಮೀನನ್ನು ಸಾಯಿಸಿ ಬದುಕುತ್ತಿದ್ದವನಿಗೆ ಮೀನನ್ನು ಉಳಿಸಿ ಬದುಕಲು ಒಂದು ದಾರಿ ತೋರಿಸಿ, ಬಳಿಕ ಆ ದಾರಿಯನ್ನು ಮುಚ್ಚಿದೆವು. ಗಾಳವಿಲ್ಲದೆಯೂ ಅವನನ್ನು ನದಿಯ ಕಾವಲಿಗೆ ನೇಮಿಸಬಹುದು. ಅವನಿಗೆ ತಿಳಿದಿರುವುದನ್ನು ಬರೆದಿಟ್ಟುಕೊಳ್ಳಬಹುದು. ಅದಕ್ಕೆ ಬೇಕಾದ ಹಣ ದೊಡ್ಡದಲ್ಲ.

ಉಳಿದಿರುವುದು

ಇಂದು ಆ ಮೀನು ಮೋಯಾರ್‌ನಂತಹ ಕೆಲವೇ ಕಾಡುಹೊಳೆಗಳಲ್ಲಿ ಸಂತಾನ ಸಹಿತ ಉಳಿದಿದೆ. ಕಾವೇರಿಯ ಮುಖ್ಯ ಹರಿವಿನಲ್ಲಿ ಅದರ ಕೊನೆಯ ದೊಡ್ಡ ಆಶ್ರಯವಾದ ಕಣಿವೆಯಲ್ಲಿಯೇ ಮೇಕೆದಾಟು ಜಲಾಶಯದ ಯೋಜನೆ ಇದೆ. ಈ ವಿವಾದದಲ್ಲಿ ಬೆಂಗಳೂರಿನ ಬಾಯಾರಿಕೆಯ ಮಾತು, ತಂಜಾವೂರಿನ ಗದ್ದೆಗಳ ಮಾತು ನಾವು ಪ್ರತಿವರ್ಷ ಕೇಳುತ್ತೇವೆ. ಚೆನ್ನೈಯಲ್ಲಿರುವ ನಮ್ಮ ಮಿತ್ರರು ಒಂದು ಬದಿಯನ್ನು ಮನೆಯಲ್ಲಿಯೂ ಇನ್ನೊಂದನ್ನು ಕಚೇರಿಯಲ್ಲಿಯೂ ಕೇಳುತ್ತಾರೆ. ಎರಡೂ ರಾಜ್ಯಗಳ ವಾದಪತ್ರಗಳಲ್ಲಿ ನೀರನ್ನು ಟಿಎಂಸಿಯಲ್ಲಿ ಅಳೆಯುತ್ತಾರೆ, ಒಂದು ಕಾಲದಲ್ಲಿ ಮೀನನ್ನು ಪೌಂಡಿನಲ್ಲಿ ಅಳೆದಂತೆ. ಆ ನೀರಿನಲ್ಲಿ, ಜಗತ್ತಿನ ಬೇರೆ ಯಾವ ನದೀಕೊಳ್ಳದಲ್ಲಿಯೂ ಇಲ್ಲದ ಒಂದು ಜೀವ ಇದೆ ಎಂಬುದು ಈಗ ಹೆಸರು ಸಹಿತ ದಾಖಲೆಯಲ್ಲಿದೆ. ಹೆಸರು ಗೊತ್ತಿರಲಿಲ್ಲ ಎಂಬ ನೆಪ 2018ಕ್ಕೆ ಮುಗಿಯಿತು.

ಈ ಚರಿತ್ರೆಯಲ್ಲಿ ಖುದ್ರೀಯನ್ನು ಖಳನಾಯಕನನ್ನಾಗಿ ಮಾಡಲು ನನಗೆ ಮನಸ್ಸಿಲ್ಲ. ಅದು ಕೇಳಿಕೊಂಡು ಬಂದದ್ದಲ್ಲ. ಕೊಡದಲ್ಲಿ ತುಂಬಿ ತಂದು ಬಿಟ್ಟಲ್ಲಿ ಬದುಕಿಕೊಂಡಿತು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರು ಅಷ್ಟಕ್ಕೆ ಅದನ್ನು ದೂರಲಾರೆವು. ದೂರಬೇಕಾದದ್ದು, ಎರಡನ್ನೂ ಒಂದೇ ಎಂದು ಬರೆದ ಕಡತವನ್ನು. ತನ್ನ ಊರಾದ ಪುಣೆಯ ಈ ಕಪ್ಪು ನೀರಿನಲ್ಲಿ ಖುದ್ರೀ ಇನ್ನು ಬದುಕಲಾರದು. ಸೈಕ್ಸ್ ಅದನ್ನು ಕಂಡ ಜಾಗದಲ್ಲಿ ಈಗ ನೊರೆ ತೇಲುತ್ತದೆ. ಮೀನು ಕಾವೇರಿಯಲ್ಲಿದೆ, ನಾನು ಇಲ್ಲಿದ್ದೇನೆ. ಮುಂದಿನ ಸಲ ರಜೆಗೆ ಊರಿಗೆ ಹೋದಾಗ ಸಂಗಮದವರೆಗೆ ಹೋಗಿ, ಹರಿಗೋಲಿನವರು ಯಾರಾದರೂ ಸಿಕ್ಕರೆ, ಡುಬ್ಬದ ಬಿಳಿಮೀನನ್ನು ಕೊನೆಯ ಬಾರಿ ಕಂಡದ್ದು ಯಾವಾಗ ಎಂದು ಕೇಳಬೇಕೆಂದಿದ್ದೇನೆ. ಓದುಗರಲ್ಲಿ ಯಾರಿಗಾದರೂ ಆ ತೀರದ ಹಿರಿಯರ ಪರಿಚಯವಿದ್ದರೆ ಅವರೂ ಕೇಳ, ಬರೆದಿಡಲಿ. ಅರಸರು, ಸಾಹೇಬರು, ವಿಜ್ಞಾನಿಗಳು ತಮ್ಮ ಪಾಲಿನದನ್ನು ಬರೆದಿದ್ದಾರೆ. ಆ ಒಂದು ಪುಟ ಮಾತ್ರ ಇನ್ನೂ ಖಾಲಿ ಇದೆ.